ಕಾಕಾನ ವಾಲ್ವ್ ಆಂಪ್ ಮಾರಲೋ, ಇಟ್ಟುಕೊಳ್ಳಲೋ?

ಪ್ರಶ್ನೆ: ನಾನು ವಿಜಯಪುರದವನು. ಮದುವೆ, ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತೇನೆ. ಅಮೆರಿಕದಲ್ಲಿದ್ದ ನಮ್ಮ ಕಾಕಾ ಊರಿಗೆ ಬರುವಾಗ ಫೆಂಡರ್ ಡಿಲಕ್ಸ್ ರಿವರ್ಬ್ ಆಂಪ್ ತಂದಿದ್ದರು. ಗಾಜಿನ ಬುಡ್ಡಿಯಂಥ ವಾಲ್ವುಗಳಿಂದ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ ಅದು. 1974ರದ್ದು ಅಂತ ಹೇಳುತ್ತಿದ್ದರು. ಈಗ ಅವರಿಲ್ಲ, ಆಂಪ್ ನನ್ನ ಹತ್ತಿರ ಇದೆ. 110 ವೋಲ್ಟಿನ ಟ್ರಾನ್ಸ್‌ಫಾರ್ಮರ್ ಇಟ್ಟು ನುಡಿಸುತ್ತೇನೆ. ಕೆಲವು ದಿನ ಅದ್ಭುತ, ಕೆಲವು ದಿನ ಸಪ್ಪೆ. ಒಮ್ಮೊಮ್ಮೆ ತಂತಿ ಮುಟ್ಟಿದರೆ ಜುಮ್ ಅನ್ನುತ್ತೆ, ಅದೇನು ದೊಡ್ಡ ಮಾತಲ್ಲ. ಗೆಳೆಯನೊಬ್ಬ ಲ್ಯಾಪ್‌ಟಾಪಿನಲ್ಲಿ ಇದೇ ಆಂಪಿನ ಸ್ವರವನ್ನು ಅನುಕರಿಸುವ ಡಿಜಿಟಲ್ ಮಾಡೆಲ್ ಹಾಕಿ ಹೆಡ್‌ಫೋನಿನಲ್ಲಿ ಕೇಳಿಸಿದ. ನನಗೆ ಅದು ಜೀವ ಇಲ್ಲದ ಹಾಗೆ ಅನ್ನಿಸಿತು. ಅವನು ಮಾತ್ರ ‘ಎರಡೂ ಒಂದೇ, ನಿಂದು ಭ್ರಮೆ, ಆ ಡಬ್ಬಿ ಮಾರಿ, ಇಂಥ ಮಾಡೆಲ್ ತುಂಬಿದ ಮಾಡೆಲರ್ ತಗೋ’ ಅಂತಾನೆ. ಕೊಳ್ಳುವವರೂ ಒಬ್ಬರು ಬಂದಿದ್ದಾರೆ. ಏನು ಮಾಡಲಿ?

ಉತ್ತರ: ಕೊಳ್ಳಲು ಬಂದವರಿಗೆ ಚಹಾ ಕುಡಿಸಿ ಕಳಿಸಿ. ಮಾರುವ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ನೀವು ದೊಡ್ಡ ಮಾತಲ್ಲ ಅಂದ ಆ ಸಾಲು. ಅದನ್ನು ಮೊದಲು ಮುಗಿಸೋಣ.

ಆಂಪಿನ ಪ್ಲಗ್ ನೋಡಿ. ಅಮೆರಿಕದ ಪ್ಲಗ್ಗಿಗೆ ಎರಡು ಚಪ್ಪಟೆ ಪಿನ್, ಕೆಳಗೆ ಒಂದು ದುಂಡನೆಯದು. ಆ ದುಂಡನೆಯದು ಅರ್ಥ್. ನಿಮ್ಮ ಟ್ರಾನ್ಸ್‌ಫಾರ್ಮರಿನ ಸಾಕೆಟ್ಟಿಗೆ ಅದು ಕೂರಲಿಲ್ಲ ಅಂತ ಯಾರೋ ಕತ್ತರಿಸಿರಬೇಕು. ನನ್ನ ಟೇಬಲ್ಲಿಗೆ ಬರುವ ಅಮೆರಿಕದ ಹಳೆ ಆಂಪುಗಳಲ್ಲಿ ಈ ಕತ್ತರಿಸಿದ ಪಿನ್ ಎಷ್ಟು ಸಲ ನೋಡಿದ್ದೇನೋ. ಇನ್ನು ಆಂಪಿನ ಹಿಂದೆ ಗ್ರೌಂಡ್ ಅಂತ ಒಂದು ಸ್ವಿಚ್ ಇರುತ್ತದೆ. ಅದಕ್ಕೆ ಒಳಗೆ ಒಂದು ಚಿಕ್ಕ ಕೆಪಾಸಿಟರ್, ಅಂದರೆ ಕರೆಂಟ್ ಕೂಡಿಡುವ ಭಾಗ, ಜೋಡಿಸಿದ್ದಾರೆ. ಅದರ ಒಂದು ಕಾಲು ಮೇನ್ಸ್ ವೈರಿನಲ್ಲಿ, ಇನ್ನೊಂದು ಕಾಲು ಆಂಪಿನ ಲೋಹದ ಮೈಯಲ್ಲಿ. ಅರ್ಥ್ ಇಲ್ಲದಿದ್ದರೆ ಅದರ ಮೂಲಕ ಸಣ್ಣ ಕರೆಂಟ್ ಆಂಪಿನ ಮೈಗೆ, ಅಲ್ಲಿಂದ ಗಿಟಾರಿನ ತಂತಿಗೆ, ತಂತಿಯಿಂದ ನಿಮ್ಮ ಬೆರಳಿಗೆ ಬರುತ್ತದೆ. ಅದೇ ನಿಮ್ಮ ಜುಮ್. ಐವತ್ತು ವರ್ಷದ ಆ ಕೆಪಾಸಿಟರ್ ಒಂದು ದಿನ ಒಳಗೇ ಶಾರ್ಟ್ ಆದರೆ ಪೂರ್ತಿ ವೋಲ್ಟೇಜ್ ತಂತಿಗೆ ಬರುತ್ತದೆ. ಅವತ್ತು ನಿಮ್ಮ ತುಟಿ ಮೈಕಿಗೆ ತಾಗಿದ್ದರೆ ಮುಗಿಯಿತು. ರಿಪೇರಿಯವರು ಅದಕ್ಕೆ ಡೆತ್ ಕ್ಯಾಪ್ ಅಂತಲೇ ಹೆಸರಿಟ್ಟಿದ್ದಾರೆ. ಮೂರು ಪಿನ್ ಸರಿ ಮಾಡಿಸಿ, ಆ ಕೆಪಾಸಿಟರ್ ತೆಗೆಸುವ ತನಕ ಆಂಪ್ ಹಚ್ಚಬೇಡಿ. ನೀವೇ ಬಿಚ್ಚಲಿಕ್ಕೂ ಹೋಗಬೇಡಿ. ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ 400 ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಅದು ಉಳಿದಿರಬಹುದು.

ಈಗ ನಿಮ್ಮ ಜಗಳಕ್ಕೆ ಬರೋಣ. ನೀವಿಬ್ಬರೂ ಇನ್ನೂ ಹೋಲಿಕೆಯನ್ನೇ ಮಾಡಿಲ್ಲ. ಒಂದು ಕಡೆ ಹನ್ನೆರಡು ಇಂಚಿನ ಸ್ಪೀಕರ್ ಕೋಣೆಯ ಗಾಳಿಯನ್ನೆಲ್ಲ ಅಲುಗಿಸುತ್ತಿತ್ತು, ನಿಮ್ಮ ಅಂಗಿಯೂ ಅದುರುತ್ತಿತ್ತು. ಇನ್ನೊಂದು ಕಡೆ ಕಿವಿ ಮೇಲೆ ಎರಡು ಪುಟ್ಟ ಬಿಲ್ಲೆ. ಇದರಲ್ಲಿ ವಾಲ್ವಿನ ಪಾಲೆಷ್ಟು, ಡಿಜಿಟಲ್ಲಿನ ಪಾಲೆಷ್ಟು ಅಂತ ಹೇಗೆ ಹೇಳುವುದು?

ನಾನು ಬೆಳಗಾವಿಯಲ್ಲಿ ಆಂಪ್ ಬಿಚ್ಚಿ ಕಟ್ಟುತ್ತಾ ಮೂವತ್ತು ವರ್ಷ ಆಯಿತು. ಅದಕ್ಕೂ ಮುಂಚೆ ಅಪ್ಪನ ರೇಡಿಯೋ ಅಂಗಡಿಯಲ್ಲಿ ಕೂತು ಕಲಿತವನು. ಆಗ ಎಲ್ಲರೂ ವಾಲ್ವ್ ಅನ್ನುತ್ತಿದ್ದರು. ಗಿಟಾರಿನ ಹುಡುಗರು ಟ್ಯೂಬ್ ಅನ್ನುತ್ತಾರೆ. ನಮ್ಮ ಓಣಿಯಲ್ಲಿ ಟ್ಯೂಬ್ ಅಂದರೆ ಒಂದೋ ಟ್ಯೂಬ್‌ಲೈಟ್, ಇಲ್ಲಾಂದ್ರೆ ಸೈಕಲ್ಲಿನದು. ಅದಕ್ಕೇ ನಾನು ಹಳೆ ಹೆಸರನ್ನೇ ಇಟ್ಟುಕೊಂಡಿದ್ದೇನೆ. ಬೆಂಗಳೂರಿನ ಬಿಇಎಲ್ ಕೂಡ ಒಂದು ಕಾಲಕ್ಕೆ ರೇಡಿಯೋ ವಾಲ್ವ್ ಮಾಡುತ್ತಿತ್ತು. ಅದರ ಇಎಲ್84 ಹಳೆ ರೇಡಿಯೋ ಬಿಚ್ಚಿದಾಗ ಈಗಲೂ ಸಿಗುತ್ತದೆ. ಇಂಗ್ಲೆಂಡಿನ ವಾಕ್ಸ್ ಎಸಿ30 ಆಂಪಿನಲ್ಲಿ ಇರುವುದೂ ಅದೇ ಜಾತಿಯ ನಾಲ್ಕು ವಾಲ್ವ್.

ಹೋಲಿಕೆ ಕೆಡಿಸುವ ಮೊದಲ ಕಳ್ಳ ಸದ್ದಿನ ಪ್ರಮಾಣ. ಸದ್ದು ಸಣ್ಣದಿದ್ದಾಗ ನಮ್ಮ ಕಿವಿಗೆ ತಗ್ಗಿನ ಸ್ವರ, ತೀರಾ ಎತ್ತರದ ಸ್ವರ ಎರಡೂ ಕಡಿಮೆ ಕೇಳುತ್ತವೆ. ಸದ್ದು ಏರಿದ ಹಾಗೆ ಅವು ತುಂಬಿಕೊಳ್ಳುತ್ತವೆ. ನಿಮ್ಮ ಡಿಲಕ್ಸ್ ರಿವರ್ಬ್ 22 ವ್ಯಾಟಿನದು. ಗಿಟಾರ್ ಸ್ಪೀಕರ್ ಒಂದು ವ್ಯಾಟಿಗೆ ಸುಮಾರು 97 ಡೆಸಿಬೆಲ್ ಕೊಡುತ್ತದೆ ಅಂತಿಟ್ಟುಕೊಳ್ಳಿ, 22 ವ್ಯಾಟಿಗೆ ಒಂದು ಮೀಟರ್ ದೂರದಲ್ಲಿ 110 ಡೆಸಿಬೆಲ್ ಆಯಿತು. ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವಷ್ಟು ಸದ್ದು ಅದು. ಅದರ ಮುಂದೆ ಹೆಡ್‌ಫೋನ್ ಸಪ್ಪೆಯಾಗದೆ ಇನ್ನೇನು? ಒಂದೇ ಆಂಪನ್ನು ಎರಡು ಸಲ ಕೇಳಿಸಿ, ಎರಡನೆಯ ಸಲ ಒಂದೇ ಒಂದು ಡೆಸಿಬೆಲ್ ಏರಿಸಿ. ಸದ್ದು ಜಾಸ್ತಿ ಆಯಿತು ಅಂತ ಯಾರೂ ಹೇಳುವುದಿಲ್ಲ. ‘ಎರಡನೇದು ಚಲೋ ಐತ್ರೀ’ ಅಂತಾರೆ.

ಎರಡನೆಯ ಕಳ್ಳ ಸ್ಪೀಕರ್. ಗಿಟಾರ್ ಸ್ಪೀಕರ್ ಮನೆಯ ಸ್ಟೀರಿಯೋ ಸ್ಪೀಕರಿನ ಹಾಗಲ್ಲ. ಐದು ಸಾವಿರ ಹರ್ಟ್ಸ್ ದಾಟಿದ ಮೇಲೆ ಅದು ಕೈಬಿಡುತ್ತದೆ. ಆ ಕೈಬಿಡುವಿಕೆಯೇ ಅದರ ಗುಣ. ಸ್ಪೀಕರ್ ತಪ್ಪಿಸಿ ಆಂಪಿನ ಸಿಗ್ನಲ್ಲನ್ನು ನೇರ ಹೆಡ್‌ಫೋನಿಗೆ ಕೊಟ್ಟರೆ ತಗಡಿನ ಮೇಲೆ ಮೊಳೆ ಎಳೆದ ಹಾಗೆ ಕೇಳುತ್ತದೆ. ಅದಕ್ಕೇ ಮಾಡೆಲ್ ಮಾಡುವವರು ಕೊನೆಯಲ್ಲಿ ಒಂದು ನಕಲಿ ಸ್ಪೀಕರ್ ಸೇರಿಸುತ್ತಾರೆ. ಅದಕ್ಕೆ ಇಂಪಲ್ಸ್ ರೆಸ್ಪಾನ್ಸ್ ಅಂತ ಹೆಸರು, ಬಾಯಿಮಾತಿನಲ್ಲಿ ಐಆರ್.

ಇದನ್ನು ಅರ್ಥ ಮಾಡಿಕೊಳ್ಳಲು ವಿಜಯಪುರದವರಿಗಿಂತ ಅನುಕೂಲ ಯಾರಿಗಿದೆ? ಶಾಲೆ ಮಕ್ಕಳ ಬಸ್ಸು ಬರುವ ಮುಂಚೆ, ಬೆಳಿಗ್ಗೆ ಬೇಗ ಗೋಳಗುಮ್ಮಟದ ಗ್ಯಾಲರಿ ಹತ್ತಿ. ಒಂದೇ ಒಂದು ಚಪ್ಪಾಳೆ ತಟ್ಟಿ. ಆ ಚಪ್ಪಾಳೆ ಗುಮ್ಮಟ ಸುತ್ತಿ ಮತ್ತೆ ಮತ್ತೆ ಬರುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆ ರೆಕಾರ್ಡಿನಲ್ಲಿ ಗುಮ್ಮಟದ ಹೆಬ್ಬೆಟ್ಟಿನ ಗುರುತು ಇದೆ. ಯಾವುದೇ ಸದ್ದಿನ ಪ್ರತಿಯೊಂದು ಕ್ಷಣವನ್ನೂ ಒಂದು ಸಣ್ಣ ಚಪ್ಪಾಳೆ ಅಂದುಕೊಂಡು ಅದಕ್ಕೆ ಈ ಗುರುತನ್ನು ಕೂಡಿಸುತ್ತಾ ಹೋದರೆ, ನೀವು ಮನೆಯಲ್ಲಿ ಹಾಡಿದ್ದು ಗುಮ್ಮಟದಲ್ಲಿ ಹಾಡಿದ ಹಾಗೆ ಕೇಳುತ್ತದೆ. ಕಂಪ್ಯೂಟರ್ ಮಾಡುವುದು ಈ ಕೂಡಿಸುವ ಕೆಲಸವನ್ನೇ. ಸ್ಪೀಕರಿಗೂ ಅದೇ ಉಪಾಯ. ಗುಮ್ಮಟದ ಗುರುತು ಸೆಕೆಂಡುಗಟ್ಟಲೆ ಉದ್ದ, ಸ್ಪೀಕರಿನದು ಸೆಕೆಂಡಿನ ಒಂದು ಚೂರು, ಅಷ್ಟೇ ವ್ಯತ್ಯಾಸ.

ಆದರೆ ನೀವು ರೆಕಾರ್ಡ್ ಮಾಡಿದ್ದು ನಿಂತ ಜಾಗದಿಂದ ಮಾತ್ರ ಅಲ್ವಾ? ಗ್ಯಾಲರಿಯ ಇನ್ನೊಂದು ಬದಿಗೆ ಹೋದರೆ ಗುರುತು ಬೇರೆ. ಸ್ಪೀಕರಿನ ಐಆರ್ ಕೂಡ ಒಂದು ಮೈಕು, ಒಂದು ಜಾಗ. ಸ್ಪೀಕರಿನ ಅದುರುವ ಕಾಗದದ ಕೋನಿನ ನಡುವಿನಿಂದ ಒಂದು ಇಂಚು ಪಕ್ಕಕ್ಕೆ ಸರಿದರೆ ಸ್ವರ ಬದಲಾಗುತ್ತದೆ. ಅಂದರೆ ನೀವು ಹೆಡ್‌ಫೋನಿನಲ್ಲಿ ಕೇಳಿದ್ದು ಕೋಣೆಯಲ್ಲಿರುವ ಆಂಪನ್ನಲ್ಲ, ಮೈಕಿಟ್ಟು ರೆಕಾರ್ಡ್ ಮಾಡಿದ ಆಂಪನ್ನು. ಕ್ಯಾಸೆಟ್ಟಿನಲ್ಲಿ, ಸಿನಿಮಾದಲ್ಲಿ ಇಷ್ಟು ವರ್ಷ ಕೇಳಿದ ಗಿಟಾರೂ ಅದೇ. ಅದನ್ನು ಜೀವ ಇಲ್ಲದ್ದು ಅಂತ ನೀವು ಯಾವತ್ತೂ ಅಂದಿರಲಿಲ್ಲ. ಇನ್ನೊಂದು ಕೊರತೆಯೂ ಇದೆ. ಜೋರಾಗಿ ಬಾರಿಸಿದಾಗ ಸ್ಪೀಕರಿನ ಕೋನ್ ತನ್ನ ಮಿತಿಗೆ ಬಂದು ತಾನೇ ಸ್ವಲ್ಪ ಒಡೆದು ನುಡಿಯುತ್ತದೆ. ಐಆರ್‌ಗೆ ಇದು ಸಿಗುವುದಿಲ್ಲ. ಮೆಲ್ಲಗೆ ಬಾರಿಸಿದರೂ ಜೋರಾಗಿ ಬಾರಿಸಿದರೂ ಅದರ ಗುರುತು ಒಂದೇ.

ಗೆಳೆಯನ ಲ್ಯಾಪ್‌ಟಾಪಿನ ಜೋಡಣೆಯ ಮೇಲೂ ನನಗೆ ಅನುಮಾನ. ಗಿಟಾರನ್ನು ಇಂಟರ್‌ಫೇಸಿನ ಯಾವ ತೂತಿಗೆ ಹಾಕಿದ್ದ? ಗಿಟಾರಿನ ಸಿಗ್ನಲ್ಲನ್ನು ಕಂಪ್ಯೂಟರಿಗೆ ಕೊಡುವ ಡಬ್ಬಿ ಅದು. ಗಿಟಾರಿಗೆ ಅಂತಲೇ ಇರುವ ಇನ್‌ಪುಟ್ ಸುಮಾರು ಒಂದು ಮೆಗಾ ಓಮ್ ಇರುತ್ತದೆ. ಲೈನ್ ಇನ್‌ಪುಟ್ಟಿಗೆ ಹಾಕಿದರೆ ತಂತಿಯ ಅಲುಗಾಟ ಹಿಡಿಯುವ ಪಿಕಪ್ಪಿನ ಮೇಲೆ ಭಾರ ಬಿದ್ದು ಮೇಲಿನ ಸ್ವರವೆಲ್ಲ ಮಂಕಾಗುತ್ತದೆ, ಗಿಟಾರಿಗೆ ಕಂಬಳಿ ಹೊದಿಸಿದ ಹಾಗೆ. ಗೇನ್, ಅಂದರೆ ಒಳಬರುವ ಸಿಗ್ನಲ್ಲನ್ನು ಎಷ್ಟು ಏರಿಸುವುದು ಅನ್ನುವುದು, ಅದೂ ಅಷ್ಟೇ. ಮಾಡೆಲ್ಲಿಗೆ ಗಿಟಾರಿನಿಂದ ಇಷ್ಟೇ ಬರುತ್ತದೆ ಅಂತ ಒಂದು ಲೆಕ್ಕ ಇರುತ್ತದೆ. ಜಾಸ್ತಿ ಕೊಟ್ಟರೆ ಸ್ವರ ಬೇಗ ಒಡೆಯುತ್ತದೆ, ಕಡಿಮೆ ಕೊಟ್ಟರೆ ನಿರ್ಜೀವ. ನಿಮ್ಮ ದೂರಿನಲ್ಲಿ ಅರ್ಧ ಇಲ್ಲೇ ಇರಬಹುದು. ಬ್ಲೂಟೂತ್ ಹೆಡ್‌ಫೋನ್ ಹಾಕಿದ್ದರಂತೂ ಆ ಪರೀಕ್ಷೆ ಮರೆತುಬಿಡಿ, ಬಾರಿಸಿ ಉಸಿರು ಬಿಟ್ಟ ಮೇಲೆ ಸ್ವರ ಬರುತ್ತದೆ. ವೈರಿನ ಹೆಡ್‌ಫೋನಿನಲ್ಲಿ ತಡ ಕೆಲವೇ ಮಿಲಿಸೆಕೆಂಡ್. ಸದ್ದು ಗಾಳಿಯಲ್ಲಿ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಆಂಪಿನಿಂದ ಎರಡು ಮೀಟರ್ ದೂರ ನಿಂತರೆ ಆರು ಮಿಲಿಸೆಕೆಂಡ್ ತಡ ನಿಮಗೆ ಹೇಗೂ ಇದ್ದೇ ಇದೆ.

ಹಾಗಾದರೆ ವಾಲ್ವಿನಲ್ಲಿ ಏನೂ ಇಲ್ಲವಾ? ಇದೆ. ಆಂಪಿನ ಬೆನ್ನ ಕಡೆ ಕೂತು ನೋಡಿ. ಒಂಬತ್ತು ವಾಲ್ವ್ ಸಾಲಾಗಿ ತಲೆಕೆಳಗಾಗಿ ನೇತಾಡುತ್ತವೆ. ಬಲಗಡೆ ತಗಡಿನ ಟೋಪಿ ಹಾಕಿಕೊಂಡ ಚಿಕ್ಕವು ಆರು, 12ಎಎಕ್ಸ್7 ಮತ್ತು 12ಎಟಿ7. ಆಮೇಲೆ ಎರಡು 6ವಿ6, ಕಿರುಬೆರಳಿಗಿಂತ ಚೂರು ಉದ್ದ, ದಪ್ಪ. ಸ್ಪೀಕರ್ ಓಡಿಸುವ ಎತ್ತುಗಳು ಅವೇ. ಎಡತುದಿಯಲ್ಲಿ ರೆಕ್ಟಿಫೈಯರ್, ಎಸಿ ಕರೆಂಟನ್ನು ಡಿಸಿ ಮಾಡುವುದು. ಹಚ್ಚಿ ಅರ್ಧ ನಿಮಿಷಕ್ಕೆ ಒಳಗಿನ ತಂತಿ ಕಿತ್ತಳೆ ಬಣ್ಣಕ್ಕೆ ಬರುತ್ತದೆ, ಸುಟ್ಟ ಧೂಳಿನ ವಾಸನೆ ಏಳುತ್ತದೆ. 6ವಿ6ನ ಗಾಜಿನ ಒಳಗೋಡೆಯಲ್ಲಿ ತೆಳು ನೀಲಿ ಬೆಳಕು ಕಂಡರೆ ಹೆದರಬೇಡಿ. ಆದರೆ ಒಳಗಿನ ಬೂದು ಬಣ್ಣದ ತಗಡು ಕೆಂಪಾದರೆ ತಕ್ಷಣ ಆಫ್ ಮಾಡಿ.

ವಾಲ್ವಿನ ಗುಣ ಅಂದರೆ ಅದು ಒಮ್ಮೆಲೇ ಒಡೆಯುವುದಿಲ್ಲ. ಮಿತಿ ಹತ್ತಿರ ಬಂದ ಹಾಗೆ ಅಲೆಯ ನೆತ್ತಿಯನ್ನು ಮೆಲ್ಲಗೆ ಬಗ್ಗಿಸುತ್ತದೆ. ‘ವಾಲ್ವ್ ಅಂದರೆ ಸಮಸಂಖ್ಯೆಯ ಹಾರ್ಮೋನಿಕ್ಸ್, ಅದಕ್ಕೇ ಇಂಪು’ ಅಂತ ಎಲ್ಲ ಕಡೆ ಓದಿರುತ್ತೀರಿ. ಹಾರ್ಮೋನಿಕ್ಸ್ ಅಂದರೆ ಮೂಲ ಸ್ವರದ ಎರಡು ಪಟ್ಟು, ಮೂರು ಪಟ್ಟು ಎತ್ತರದಲ್ಲಿ ಕೂಡಿ ಬರುವ ಸ್ವರಗಳು. ಆ ಮಾತು ಪೂರ್ತಿ ನಿಜ ಅಲ್ಲ. ನಿಮ್ಮ ಎರಡು 6ವಿ6 ಒಂದು ಎಳೆದಾಗ ಇನ್ನೊಂದು ತಳ್ಳುವ ಜೋಡಿ, ಆ ಜೋಡಿಯಲ್ಲಿ ಸಮಸಂಖ್ಯೆಯವು ಒಂದನ್ನೊಂದು ಹೆಚ್ಚುಕಮ್ಮಿ ಕಳೆದುಹಾಕುತ್ತವೆ. ನನ್ನ ಕಿವಿಗೆ, ಅದಕ್ಕಿಂತ ಜಾಸ್ತಿ ನನ್ನ ಬೆರಳಿಗೆ, ಈ ಆಂಪಿನ ರುಚಿ ಇರುವುದು ಎಡತುದಿಯ ರೆಕ್ಟಿಫೈಯರಿನಲ್ಲಿ. ಓಣಿಯವರೆಲ್ಲ ಒಂದೇ ಸಲ ನಳ ಬಿಟ್ಟರೆ ನಿಮ್ಮ ಮನೆ ನಳದ ನೀರು ಸಣ್ಣ ಆಗುತ್ತೆ ನೋಡಿ, ಹಾಗೆ. ಜೋರಾಗಿ ಒಂದು ಕಾರ್ಡ್, ಅಂದರೆ ಕೆಲವು ಸ್ವರ ಒಟ್ಟಿಗೆ, ಹೊಡೆದರೆ 6ವಿ6ಗಳು ಒಮ್ಮೆಲೇ ಕರೆಂಟ್ ಎಳೆಯುತ್ತವೆ, ವೋಲ್ಟೇಜ್ ಕುಸಿಯುತ್ತದೆ, ಸ್ವರ ಒಂದು ಕ್ಷಣ ಕುಗ್ಗಿ ಮತ್ತೆ ಉಬ್ಬುತ್ತದೆ. ಈ ಕುಗ್ಗಿ ಉಬ್ಬುವುದನ್ನು ನುಡಿಸುವವನು ಬೆರಳಿನಲ್ಲಿ ಹಿಡಿಯುತ್ತಾನೆ. ಎದುರು ಕೂತವನಿಗೆ ಅದು ಅಷ್ಟಾಗಿ ಕೇಳುವುದಿಲ್ಲ.

ಮಾಡೆಲ್ ಇದನ್ನೆಲ್ಲ ಹಿಡಿಯುತ್ತದಾ ಅಂದರೆ, ಅದು ಯಾವ ಜಾತಿಯ ಮಾಡೆಲ್ ಅನ್ನುವುದರ ಮೇಲೆ. 1998ರಲ್ಲಿ ಲೈನ್ 6ನವರ ಪಾಡ್ ಬಂತು, ಗೋಡಂಬಿ ಆಕಾರದ ಕೆಂಪು ಡಬ್ಬಿ. ಅದನ್ನು ಕೇಳಿ ಡಿಜಿಟಲ್ ಅಂದರೆ ಇಷ್ಟೇ ಅಂತ ಮನಸ್ಸು ಗಟ್ಟಿ ಮಾಡಿಕೊಂಡವರು ಆ ಅಭಿಪ್ರಾಯ ಈಗ ಬಿಡಬೇಕು. ಇವತ್ತು ಎರಡು ದಾರಿ ಇವೆ. ಒಂದರಲ್ಲಿ ಸರ್ಕ್ಯೂಟಿನ ಒಂದೊಂದು ಭಾಗವನ್ನೂ ಲೆಕ್ಕಕ್ಕೆ ಇಳಿಸುತ್ತಾರೆ, ಆಕ್ಸ್-ಎಫ್ಎಕ್ಸ್, ಹೀಲಿಕ್ಸ್ ಅನ್ನುವ ಮಾಡೆಲರುಗಳ ಹಾಗೆ. ಟ್ರೆಬಲ್ ತಿರುಗಿಸಿದರೆ ಅಸಲಿನಲ್ಲಿ ಆಗುವ ಹಾಗೇ ಆಗುತ್ತದೆ, ಆ ವೋಲ್ಟೇಜ್ ಕುಸಿತಕ್ಕೂ ಲೆಕ್ಕ ಬರೆದಿರುತ್ತಾರೆ. ಇನ್ನೊಂದರಲ್ಲಿ ಆಂಪಿನ ಒಳಗೆ ಏನಿದೆ ಅಂತ ಕೇಳುವುದೇ ಇಲ್ಲ. ಕೆಲವು ನಿಮಿಷದ ಒಂದು ಪರೀಕ್ಷಾ ಸದ್ದನ್ನು ಆಂಪಿಗೆ ಕೊಟ್ಟು, ಹೊರಗೆ ಏನು ಬಂತು ಅಂತ ನೋಡಿ, ಯಂತ್ರಕ್ಕೆ ಅನುಕರಣೆ ಕಲಿಸುತ್ತಾರೆ. ಪುಕ್ಕಟೆ ಸಿಗುವ ನ್ಯೂರಲ್ ಆಂಪ್ ಮಾಡೆಲರ್ ಈ ಜಾತಿಯದು, ನಿಮ್ಮ ಗೆಳೆಯನದೂ ಬಹುಶಃ ಅದೇ. ಅನುಕರಣೆ ಬಹಳ ಚೆನ್ನಾಗಿರುತ್ತದೆ. ಆದರೆ ಅದು ಫೋಟೋ. ವಾಲ್ಯೂಮ್ ಆರರಲ್ಲಿ ಇಟ್ಟು ತೆಗೆದ ಫೋಟೋ ನಾಲ್ಕರಲ್ಲಿ ಹೇಗಿರುತ್ತೆ ಅಂತ ಹೇಳುವುದಿಲ್ಲ. ಅದರ ನೆನಪೂ ತುಂಬಾ ಚಿಕ್ಕದು. ನಿಮ್ಮ ಆಂಪಿನ ಸ್ಪ್ರಿಂಗ್ ರಿವರ್ಬ್ (ಸ್ಪ್ರಿಂಗಿನಿಂದ ಬರುವ ಗುಂಗು), ಟ್ರೆಮೊಲೊ (ಸದ್ದು ಏರಿಳಿಯುವುದು) ಇವು ಅದಕ್ಕೆ ಸಿಗುವುದಿಲ್ಲ, ಬೇರೆ ಸೇರಿಸಬೇಕು. ಅಂದಹಾಗೆ ಆ ಟ್ರೆಮೊಲೊಗೆ ನಿಮ್ಮ ಆಂಪಿನ ಮೇಲೆ ವೈಬ್ರಾಟೊ ಅಂತ ಬರೆದಿದೆ. ಫೆಂಡರ್‌ನವರು ಗಿಟಾರಿನಲ್ಲಿ ಸ್ವರದ ಎತ್ತರ ಅಲುಗಿಸುವ ವೈಬ್ರಾಟೊ ಹಿಡಿಗೆ ಟ್ರೆಮೊಲೊ ಅಂದರು, ಆಂಪಿನ ಟ್ರೆಮೊಲೊಗೆ ವೈಬ್ರಾಟೊ ಅಂದರು. ಆ ಗೊಂದಲ ಇವತ್ತಿನ ತನಕ ನಡೆದಿದೆ.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಗೆಳೆಯನ ಮಾಡೆಲ್ ‘ಇದೇ ಆಂಪಿನದು’ ಅಂದಿರಿ. ಅದು ನಿಮ್ಮ ಕಾಕಾನ ಆಂಪಿನದಲ್ಲ, ಎಲ್ಲೋ ಯಾರದೋ ಸ್ಟುಡಿಯೋದಲ್ಲಿದ್ದ ಒಂದು ಡಿಲಕ್ಸ್ ರಿವರ್ಬಿನದು. ಆ ಕಾಲದ ಕಾರ್ಬನ್ ರೆಸಿಸ್ಟರುಗಳ ಬೆಲೆಯಲ್ಲಿ ಶೇಕಡಾ 10 ಹೆಚ್ಚುಕಮ್ಮಿ ಹೊಸದರಲ್ಲೇ ಇರುತ್ತಿತ್ತು. ಐವತ್ತು ವರ್ಷದಲ್ಲಿ ಒಂದೊಂದೂ ಒಂದೊಂದು ಕಡೆ ಸರಿದಿರುತ್ತದೆ. ಒಂದೇ ವರ್ಷದ ಎರಡು ಆಂಪ್ ಪಕ್ಕಪಕ್ಕ ಇಟ್ಟರೆ, ಆ ಎರಡರ ನಡುವಿನ ವ್ಯತ್ಯಾಸ ಅಸಲಿಗೂ ಅದರ ಮಾಡೆಲ್ಲಿಗೂ ಇರುವ ವ್ಯತ್ಯಾಸಕ್ಕಿಂತ ಜಾಸ್ತಿ ಇರಬಹುದು. ಗೆಳೆಯ ‘ಎರಡೂ ಒಂದೇ’ ಅಂದದ್ದು ಅಲ್ಲಿ ಬೀಳುತ್ತದೆ.

ಹೋದ ಮಳೆಗಾಲದಲ್ಲಿ ನನ್ನ ಅಂಗಡಿಗೂ ಒಂದು ಡಿಲಕ್ಸ್ ರಿವರ್ಬ್ ರಿಪೇರಿಗೆ ಬಂದಿತ್ತು. ಹೊರಗೆ ನಾಲ್ಕು ದಿನದಿಂದ ಬಿಡದ ಮಳೆ, ಗಿರಾಕಿ ಇಲ್ಲ. ಸುಮ್ನೆ ಕೂರುವ ಬದಲು ಒಂದು ಆಟ ಹೂಡಿದೆ. ಆಂಪಿನ ಸ್ಪೀಕರನ್ನೇ ಎರಡಕ್ಕೂ ಬಳಸಿದೆ. ಒಂದು ಸಲ ಆಂಪಿನಿಂದ ನೇರ, ಇನ್ನೊಂದು ಸಲ ಮಾಡೆಲರಿನಿಂದ ವಾಲ್ವ್ ಇಲ್ಲದ, ಟ್ರಾನ್ಸಿಸ್ಟರಿನ ಸಾಲಿಡ್ ಸ್ಟೇಟ್ ಪವರ್ ಆಂಪ್ ಮೂಲಕ ಅದೇ ಸ್ಪೀಕರಿಗೆ. ನಡುವೆ ಒಂದು ಚಾದರ ಕಟ್ಟಿದೆ. ಕೇಳಲು ಮೂವರು: ಭಜನೆಗೆ ಪೇಟಿ ನುಡಿಸುವ ನಮ್ಮ ಪಕ್ಕದವರು, ಕ್ಯಾಂಪಿನ ಚರ್ಚಿನಲ್ಲಿ ಗಿಟಾರ್ ನುಡಿಸುವ ಹುಡುಗ, ಮತ್ತು ನನ್ನ ತಂಗಿಯ ಮಗ. ಮೂವರೂ ಕಿವಿ ಚೂಪು ಮಾಡಿ ಕೂತು ಅರ್ಧಕ್ಕರ್ಧ ತಪ್ಪು ಹೇಳಿದರು. ಕಾಸು ಚಿಮ್ಮಿ ಹೇಳಿದ್ದರೂ ಅಷ್ಟೇ ಬರುತ್ತಿತ್ತು. ಪೇಟಿಯವರು ಮಾತ್ರ ಪ್ರತಿ ಸಲ ಭಾರಿ ಧೈರ್ಯದಿಂದ ಹೇಳಿದರು. ‘ಇದು ಅಸಲೀದು ನೋಡ್ರಿ, ಮಿರಜಿನ ತಂಬೂರಿ ಇದ್ದಂಗ’ ಅಂದದ್ದು ಮಾಡೆಲರಿಗೆ.

ಆಮೇಲೆ ಗಿಟಾರನ್ನು ಆ ಚರ್ಚಿನ ಹುಡುಗನ ಕೈಗೆ ಕೊಟ್ಟೆ. ಅವನೂ ಆಂಪ್ ನೋಡದ ಹಾಗೆ ಕೂತ. ಬರೀ ಸ್ವರ ಬಾರಿಸುವ ತನಕ ಅವನಿಗೂ ಗೊತ್ತಾಗಲಿಲ್ಲ. ಗಿಟಾರಿನ ವಾಲ್ಯೂಮ್ ಹತ್ತರಿಂದ ನಾಲ್ಕಕ್ಕೆ ಇಳಿಸಿದ, ಮಂದ್ರದ ತಂತಿಯನ್ನು ಜೋರಾಗಿ ಹೊಡೆದು ಅದರ ಬೆನ್ನಿಗೇ ಮೆಲ್ಲಗೆ ಒಂದು ಸ್ವರ ಹಿಡಿದ. ‘ಇದು ಆಂಪ್’ ಅಂದ. ಸರಿ ಇತ್ತು. ಮತ್ತೆ ಬದಲಿಸಿದೆ, ಮತ್ತೆ ಸರಿ. ಏನು ತಿಳೀತೋ ಅಂತ ಕೇಳಿದರೆ, ‘ಇದು ನನ್ನ ಕೈಗೆ ಸ್ವಲ್ಪ ಕೊಡ್ತದ ರೀ, ಅದು ಕೊಡಂಗಿಲ್ಲ’ ಅಂದ. ಕುಗ್ಗಿ ಉಬ್ಬುವುದು ಅಂತ ನಾನು ಇಷ್ಟುದ್ದ ಬರೆದದ್ದನ್ನು ಅವನು ಒಂದು ಮಾತಿನಲ್ಲಿ ಮುಗಿಸಿದ. ನನ್ನ ಹತ್ತಿರ ಇದ್ದದ್ದು ಫೋಟೋ ಜಾತಿಯ ಮಾಡೆಲ್. ಸರ್ಕ್ಯೂಟ್ ಜಾತಿಯದ್ದಾಗಿದ್ದರೆ ಅವನು ಅಷ್ಟು ಸುಲಭವಾಗಿ ಹೇಳುತ್ತಿದ್ದನಾ? ಅನುಮಾನ.

ಆಂಪ್ ರಿಪೇರಿ ಆದ ಮೇಲೆ ಇದನ್ನು ನೀವೂ ಮಾಡಿ. ಗೆಳೆಯನ ಮಾಡೆಲ್ಲಿನಲ್ಲಿ ಐಆರ್ ಆಫ್ ಮಾಡಿಸಿ, ಇಲ್ಲದಿದ್ದರೆ ಸ್ಪೀಕರಿನ ಮೇಲೆ ಸ್ಪೀಕರ್ ಹಾಕಿದ ಹಾಗಾಗುತ್ತದೆ. ನಿಮ್ಮ ಸ್ಪೀಕರ್ ಮೂಲದ್ದೇ ಆಗಿದ್ದರೆ ಅದು ತಡೆಯುವುದು ಕಡಿಮೆ ವ್ಯಾಟ್, ದೊಡ್ಡ ಪವರ್ ಆಂಪ್ ಹಾಕಿ ಪೂರ್ತಿ ತಿರುಗಿಸಿದರೆ ಕೋನ್ ಹರಿಯುತ್ತದೆ. ಸ್ಪೀಕರ್ ವೈರ್ ಬದಲಿಸುವಾಗ ಆಂಪ್ ಆಫ್ ಇರಲಿ. ಸ್ಪೀಕರ್ ಇಲ್ಲದೆ ವಾಲ್ವ್ ಆಂಪ್ ಓಡಿಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು, ಅದು ದುಬಾರಿ ಭಾಗ. ಸದ್ದು ಸರಿಸಮ ಮಾಡಲು ಫೋನಿನ ಡೆಸಿಬೆಲ್ ಆ್ಯಪ್ ಸಾಕು, ಫೋನನ್ನು ಒಂದೇ ಜಾಗದಲ್ಲಿಡಿ, ಎರಡರ ನಡುವೆ ಅರ್ಧ ಡೆಸಿಬೆಲ್ಲಿಗಿಂತ ಜಾಸ್ತಿ ಅಂತರ ಬೇಡ. ಇಷ್ಟಾದರೂ ಮಾಡೆಲ್ ಚಪ್ಪಟೆ ಅನ್ನಿಸಿದರೆ ಕಾರಣ ಬೇರೆ ಇರಬಹುದು. 8 ಓಮ್ ಅಂತ ಬರೆದ ಸ್ಪೀಕರ್ ಎಲ್ಲ ಸ್ವರಕ್ಕೂ 8 ಓಮ್ ಇರುವುದಿಲ್ಲ. ನೂರು ಹರ್ಟ್ಸ್ ಆಸುಪಾಸಿನಲ್ಲಿ, ಮತ್ತೆ ಮೇಲಕ್ಕೆ ಹೋದ ಹಾಗೆ, ಬಹಳ ಏರುತ್ತದೆ. ವಾಲ್ವ್ ಆಂಪ್ ಆ ಜಾಗಗಳಲ್ಲಿ ತಾನೂ ಜಾಸ್ತಿ ಕೊಡುತ್ತದೆ, ಸಾಲಿಡ್ ಸ್ಟೇಟ್ ಕೊಡುವುದಿಲ್ಲ. ಒಳ್ಳೆ ಮಾಡೆಲರಿನಲ್ಲಿ ಇದಕ್ಕೆ ಬೇರೆ ಸೆಟ್ಟಿಂಗ್ ಇರುತ್ತದೆ, ಹುಡುಕಿ.

ಇನ್ನು ನಿಮ್ಮ ‘ಕೆಲವು ದಿನ ಅದ್ಭುತ, ಕೆಲವು ದಿನ ಸಪ್ಪೆ’. ಇದಕ್ಕೆ ಕಾರಣ ನಿಮ್ಮ ಕಿವಿಯಲ್ಲ, ಗೋಡೆಯ ಸಾಕೆಟ್. ಆಂಪಿಗೆ ಬೇಕಾದದ್ದು 117 ವೋಲ್ಟ್ ಆಸುಪಾಸು. ನಿಮ್ಮ ಟ್ರಾನ್ಸ್‌ಫಾರ್ಮರ್ 230ನ್ನು 110 ಮಾಡುತ್ತದೆ, ಅದು ಪರವಾಗಿಲ್ಲ. ಏಪ್ರಿಲ್ ತಿಂಗಳ ಸಂಜೆ ಊರಿನ ಕೂಲರುಗಳೆಲ್ಲ ಓಡುವಾಗ ಸಾಕೆಟ್ 190ಕ್ಕೆ ಇಳಿದರೆ ಆಂಪಿಗೆ ಸಿಗುವುದು 91. ವಾಲ್ವಿನ ಹೀಟರಿಗೆ 6.3 ವೋಲ್ಟ್ ಬೇಕು, ಸಿಗುವುದು ಐದಕ್ಕೂ ಕಡಿಮೆ. ಅಮೆರಿಕದ ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ತನ್ನ ಮಾರ್ಷಲ್ ಆಂಪಿಗೆ ವೋಲ್ಟೇಜ್ ಏರಿಳಿಸುವ ವೇರಿಯಾಕ್ ಇಟ್ಟು ಬೇಕಂತಲೇ ವೋಲ್ಟೇಜ್ ಇಳಿಸುತ್ತಿದ್ದ. ನಮಗೆ ಆ ಖರ್ಚಿಲ್ಲ, ಬೇಸಿಗೆಯ ಸಂಜೆ ಸಾಕು. ತಮಾಷೆ ಬಿಡಿ, ಒಂದು ಒಳ್ಳೆ ಸ್ಟೆಬಿಲೈಸರ್ ಹಾಕಿದರೆ ಸಪ್ಪೆ ದಿನಗಳು ಬಹುಪಾಲು ಹೋಗುತ್ತವೆ. ಇನ್ನೊಂದು, ಅಮೆರಿಕದ ಕರೆಂಟ್ 60 ಹರ್ಟ್ಸ್, ನಮ್ಮದು 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಬದಲಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60ಕ್ಕೆ ಅಂತ ಮಾಡಿದ, ಆಂಪಿನ ಹಿಂದೆ ನೇತಾಡುವ ಟ್ರಾನ್ಸ್‌ಫಾರ್ಮರ್ 50ರಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಒಂದು ತಾಸು ನುಡಿಸಿದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಅದರ ಮೇಲೆ ಕೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಸುಟ್ಟರೆ ನನಗೆ ತಿಳಿಸಿ. ಮಾಡೆಲ್ಲಿಗೆ ಈ ಯಾವ ರಗಳೆಯೂ ಇಲ್ಲ, ಅದರೊಳಗೆ ಯಾವಾಗಲೂ ಸರಿಯಾದ ವೋಲ್ಟೇಜೇ.

ಅದಕ್ಕೇ ಸ್ಟೇಜಿಗೆ ನಾನು ಮಾಡೆಲರ್ ಕಡೆ. ಮದುವೆಯಲ್ಲಿ ಮುಂದೆ ಕೂತವರು ಕೇಳುವುದು ಮೈಕಿನಿಂದ ಸಭೆಯ ದೊಡ್ಡ ಪಿಎ ಸ್ಪೀಕರಿಗೆ ಹೋದ ಸದ್ದನ್ನು. ಆ ಹೊತ್ತಿಗೆ ನಿಮ್ಮ ಅಸಲಿ ಆಂಪೂ ರೆಕಾರ್ಡ್ ಆದ ಆಂಪೇ ಆಗಿರುತ್ತದೆ, ಜೊತೆಗೆ ಡೋಲು, ಬ್ಯಾಂಡು, ಊಟಕ್ಕೆ ಕರೆಯುವ ಅನೌನ್ಸ್‌ಮೆಂಟು. ಒಮ್ಮೆ ಬನಶಂಕರಿ ಜಾತ್ರೆಯ ನಾಟಕದ ಟೆಂಟಿಗೆ ನನ್ನ ವಾಲ್ವ್ ಆಂಪ್ ಒಯ್ದಿದ್ದೆ. ಎರಡನೇ ಅಂಕದ ನಡುವೆ ಜನರೇಟರ್ ಕೆಮ್ಮಿತು, ವೋಲ್ಟೇಜ್ ಒಮ್ಮೆಲೇ ಏರಿತು, ಫಟ್ ಅಂತ ರೆಕ್ಟಿಫೈಯರ್ ಹೋಯಿತು. ನಾಯಕಿ ಅಳುತ್ತಿದ್ದಳು, ಹಿಂದೆ ನಾನೂ. ಆ ರಾತ್ರಿ ಕ್ಯಾಶಿಯೋದವನ ಪಕ್ಕ ಕೂತು ಗಿಟಾರನ್ನು ನೇರ ಮಿಕ್ಸರಿಗೆ ಹಾಕಿ ತಗಡಿನ ಸದ್ದಿನಲ್ಲೇ ಬೆಳಗು ಮಾಡಿದೆ. ಈಗ ಎಲ್ಲಿಗೆ ಹೋದರೂ ಚೀಲದಲ್ಲಿ ಒಂದು ಮಾಡೆಲರ್ ಇರುತ್ತದೆ. ತೂಕದ ಲೆಕ್ಕವೂ ಇದೆ. ನಿಮ್ಮದು ಸುಮಾರು 19 ಕೆಜಿ. ಫೆಂಡರ್‌ನವರೇ 2019ರಲ್ಲಿ ಇದೇ ಆಂಪಿನ ಡಿಜಿಟಲ್ ರೂಪ ತಂದರು, ಟೋನ್ ಮಾಸ್ಟರ್ ಅಂತ. ಅದು ಹತ್ತೂವರೆ ಕೆಜಿಯ ಒಳಗೆ.

ಹಾಗಂತ ಕಾಕಾನದನ್ನು ಮಾರಬೇಡಿ. ಮನೆಯಲ್ಲಿ ನಿಮ್ಮ ಕೈಗೆ ಕಲಿಸುವುದು ಅದೇ. ಒಮ್ಮೆ ಮಾರಿದರೆ ಅದೇ ದುಡ್ಡಿಗೆ ಇನ್ನೊಂದು ಸಿಗುವುದು ಕಷ್ಟ, ಮಾಡೆಲರ್ ಮುಂದಿನ ವರ್ಷ ಇದಕ್ಕಿಂತ ಒಳ್ಳೆಯದು ಬರುತ್ತದೆ. ವರ್ಷ ನಿಜವಾ ಅಂತ ನೋಡಬೇಕಿದ್ದರೆ ಒಳಗೆ ಬಿಚ್ಚಬೇಕಿಲ್ಲ. ಹಿಂದೆ ನೇತಾಡುವ ಟ್ರಾನ್ಸ್‌ಫಾರ್ಮರಿನ ಮೇಲೆ 606 ಅಂತ ಶುರುವಾಗುವ ಅಂಕಿ ಇದ್ದರೆ, 606 ಅದನ್ನು ಮಾಡಿದ ಕಂಪನಿಯ ಗುರುತು. ಅದರ ಮುಂದಿನ ಅಂಕಿ ವರ್ಷದ ಕೊನೆಯ ಅಂಕಿ, ಕೊನೆಯ ಎರಡು ಅಂಕಿ ವಾರದ್ದು. 606412 ಅಂತ ಇದ್ದರೆ ನಾಲ್ಕಕ್ಕೆ ಮುಗಿಯುವ ವರ್ಷದ ಹನ್ನೆರಡನೇ ವಾರ. 64ಆ, 74ಆ ಅನ್ನುವುದನ್ನು ಮುಂಭಾಗ ಹೇಳುತ್ತದೆ. ಕಪ್ಪು ಫಲಕ ಇದ್ದರೆ 64, ಬೆಳ್ಳಿ ಬಣ್ಣದ ಫಲಕ, ನೀಲಿ ಅಕ್ಷರ ಇದ್ದರೆ 74.

ರಿಪೇರಿಗೆ ಆಗಬೇಕಾದದ್ದು ಜಾಸ್ತಿ ಇಲ್ಲ. ಮೂರು ಪಿನ್ನಿನ ವೈರು, ಡೆತ್ ಕ್ಯಾಪ್ ತೆಗೆಯುವುದು, ಒಣಗಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಬದಲಿಸುವುದು, 6ವಿ6ಗಳ ಬಯಾಸ್, ಅಂದರೆ ಸುಮ್ಮನಿದ್ದಾಗ ಅವುಗಳಲ್ಲಿ ಹರಿಯುವ ಕರೆಂಟಿನ ಹೊಂದಾಣಿಕೆ, ನೋಡುವುದು. ಯಾರ ಹತ್ತಿರ ಮಾಡಿಸಿದರೂ ತೆಗೆದ ಹಳೆ ಭಾಗಗಳನ್ನು ಒಂದು ಚೀಲದಲ್ಲಿ ಹಾಕಿ ವಾಪಸ್ ಇಸಿದುಕೊಳ್ಳಿ. ಸ್ಪೀಕರ್, ಟ್ರಾನ್ಸ್‌ಫಾರ್ಮರ್ ಕೆಟ್ಟಿಲ್ಲದಿದ್ದರೆ ಬದಲಿಸಲು ಬಿಡಬೇಡಿ. ನನ್ನ ಹತ್ತಿರವೇ ತರುವುದಾದರೆ ಬಸ್ಸಿನ ಟಾಪಿನ ಮೇಲೆ ಮಾತ್ರ ಹಾಕಬೇಡಿ. ಹಿಂದಿನಿಂದಲೇ ಒಂಬತ್ತೂ ವಾಲ್ವ್ ಎಳೆದು ತೆಗೆದು, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿ, ಪೇಪರಿನಲ್ಲಿ ಸುತ್ತಿ ಕೈಚೀಲದಲ್ಲಿ ತನ್ನಿ. ಆಂಪಿಗೆ ಒಂದು ಸೀಟು ತೆಗೆಸಿ. ಇನ್ನೊಂದು ಸೀಟಿನಲ್ಲಿ ಗೆಳೆಯನನ್ನು ಲ್ಯಾಪ್‌ಟಾಪ್ ಸಮೇತ ಕೂರಿಸಿಕೊಂಡು ಬನ್ನಿ. ಚಾದರ ಇನ್ನೂ ಅಂಗಡಿಯಲ್ಲೇ ಇದೆ.